ಹೆರಿಗೆ: ಆಸ್ಪತ್ರೆ ಮತ್ತು ಸೂಲಗಿತ್ತಿ

ದಿನ ತುಂಬಿದ ಬಸುರಿ ಎಲ್ಲಿ ಹೆರಬೇಕು, ಹೆರುವಾಗ ಅವಳ ಪಕ್ಕದಲ್ಲಿ ಯಾರಿರಬೇಕು? ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಈ ಕುರಿತ ವಾದಗಳಲ್ಲಿ ಬಹಳಷ್ಟು ಗೊಂದಲ ತುಂಬಿಕೊಂಡಿದೆ. ಆಸ್ಪತ್ರೆ ಎನ್ನುವುದು ಜಾಗ. ಸೂಲಗಿತ್ತಿ ಎನ್ನುವವಳು ವ್ಯಕ್ತಿ. ಇಂಗ್ಲೆಂಡಿನಲ್ಲಿ ತೊಡಕಿಲ್ಲದ ಹೆರಿಗೆಗಳನ್ನು ಆಸ್ಪತ್ರೆಯ ಒಳಗೂ ಮಿಡ್‌ವೈಫ್‌ಗಳೇ ಮಾಡಿಸುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಅವರು ಮನೆಗೂ ಬರುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಸೂಲಗಿತ್ತಿ ಇದ್ದಳು, ಆಸ್ಪತ್ರೆ ಇರಲಿಲ್ಲ. ಈಗ ಆಸ್ಪತ್ರೆ ಇದೆ, ಸೂಲಗಿತ್ತಿ ಇಲ್ಲ. ಎರಡೂ ಒಂದೇ ಸೂರಿನಡಿ ಸಿಗುವ ಏರ್ಪಾಡು ಈ ನೆಲದಲ್ಲಿ ಇನ್ನೂ ಎಳೆಯದು.

ಸೂಲು ಎಂದರೆ ಹೆರಿಗೆ. ದನದ ಸಂತೆಯಲ್ಲಿ ‘ಎರಡನೇ ಸೂಲಿನ ಎಮ್ಮೆ’ ಎನ್ನುವಾಗ ಈ ಪದ ಇಂದಿಗೂ ಕಿವಿಗೆ ಬೀಳುತ್ತದೆ. ಮನುಷ್ಯರ ಮಟ್ಟಿಗೆ ಅದು ಉಳಿದಿರುವುದು ಹೆಚ್ಚಾಗಿ ಸೂಲಗಿತ್ತಿ ಎಂಬ ಹೆಸರಿನಲ್ಲಿ. ಆದರೆ ಈ ಒಂದೇ ಹೆಸರನ್ನು ಈಗ ಮೂರು ಬಗೆಯವರಿಗೆ ಅಂಟಿಸಲಾಗುತ್ತಿದೆ. ಅಜ್ಜಿ, ಅತ್ತೆಯರ ಜೊತೆ ಓಡಾಡಿ ಕೈಯಿಂದ ಕೈಗೆ ಕಸುಬು ಕಲಿತ ಊರಿನ ಸೂಲಗಿತ್ತಿ ಮೊದಲನೆಯವಳು. ಉಪಕೇಂದ್ರದ ಎಎನ್‌ಎಂ, ಅಂದರೆ ಊರವರು ನರ್ಸಮ್ಮ ಎಂದು ಕರೆಯುವ ಸರ್ಕಾರಿ ಸಹಾಯಕಿ, ಎರಡನೆಯವಳು. ಇವಳ ದಿನದ ಬಹುಪಾಲು ಲಸಿಕೆ, ಕುಟುಂಬ ಯೋಜನೆ, ರಿಜಿಸ್ಟರ್ ಬರೆಯುವುದರಲ್ಲೇ ಕಳೆಯುತ್ತದೆ. ಹೆರಿಗೆಯನ್ನೇ ವಿದ್ಯೆಯಾಗಿ ಓದಿ, ಪರವಾನಗಿ ಪಡೆದು, ಸಹಜ ಹೆರಿಗೆಯನ್ನು ತನ್ನ ಹೊಣೆಯಲ್ಲಿ ಮಾಡಿಸಿ, ಹದ ತಪ್ಪಿದ ಕೂಡಲೇ ಡಾಕ್ಟರಿಗೆ ಒಪ್ಪಿಸುವ ಮಿಡ್‌ವೈಫ್ ಮೂರನೆಯವಳು. ವಿದೇಶದ ಅಧ್ಯಯನಗಳು ಮಿಡ್‌ವೈಫ್ ಆರೈಕೆ ಒಳ್ಳೆಯದೆಂದು ಹೇಳುವಾಗ ಅವು ಹೇಳುವುದು ಈ ಮೂರನೆಯವಳ ಬಗ್ಗೆ ಮಾತ್ರ.

ಹಳೆಯ ಕೈ

ಊರ ಸೂಲಗಿತ್ತಿಯ ಹೆಸರು ನಾಡಿಗೆಲ್ಲ ತಿಳಿದದ್ದು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರಿಂದ. ಓದುಬರಹ ಕಲಿಯದ ಅವರು ಅಜ್ಜಿಯಿಂದ ಈ ವಿದ್ಯೆ ಪಡೆದು, ಸುಮಾರು ಎಪ್ಪತ್ತು ವರ್ಷ, ಕೂಲಿ ಕೇಳದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂಬುದು ದಾಖಲೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎತ್ತ ಇದೆ ಎಂದು ಅವರು ಹೇಳಬಲ್ಲವರಾಗಿದ್ದರು. ಇದರಲ್ಲಿ ಪವಾಡವೇನಿಲ್ಲ. ಮಗುವಿನ ತಲೆ ಗಟ್ಟಿಯಾಗಿ ದುಂಡಗೆ ಕೈಗೆ ಸಿಗುತ್ತದೆ, ಬೆರಳುಗಳ ನಡುವೆ ಅತ್ತಿತ್ತ ಅಲುಗುತ್ತದೆ. ಕುಂಡೆ ಮೆತ್ತಗಿರುತ್ತದೆ, ಅಲುಗಿಸಿದರೆ ಮೈಯೂ ಜೊತೆಗೆ ಸರಿಯುತ್ತದೆ. ಬೆನ್ನಿನ ಪಕ್ಕ ಹಲಗೆಯಂತೆ ಸಮ, ಕೈಕಾಲಿನ ಪಕ್ಕ ಗಂಟುಗಂಟು. ವೈದ್ಯ ವಿದ್ಯಾರ್ಥಿಗಳಿಗೆ ಇಂದಿಗೂ ಕಲಿಸುವ ಹೊಟ್ಟೆ ಪರೀಕ್ಷೆ ಇದೇ. ಸಾವಿರಾರು ಹೊಟ್ಟೆ ಮುಟ್ಟಿದ ಅಂಗೈಗೆ ಪುಸ್ತಕದ ಹಂಗು ಬೇಕಾಗಲಿಲ್ಲ.

ಹೆರಿಗೆ ಮುಗಿದ ಮೇಲೆ ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಕೈಲಾದರೆ ಒಂದು ಸೀರೆ ಕೊಡುತ್ತಿದ್ದರು. ಪುರುಡಿನ ಮೈಲಿಗೆ ಕಳೆಯುವವರೆಗೂ ಮನೆಯವರೇ ದೂರ ನಿಲ್ಲುತ್ತಿದ್ದಾಗ ರಕ್ತ, ಮಾಸು, ಬಟ್ಟೆ ಎಲ್ಲವನ್ನೂ ಮುಟ್ಟುತ್ತಿದ್ದವಳು ಅವಳು. ಎಷ್ಟೋ ಊರುಗಳಲ್ಲಿ ಕೆಳಗಿನ ಜಾತಿಯವಳೆಂದು ಹೆರಿಗೆಯ ಹೊತ್ತು ಬಿಟ್ಟರೆ ಒಳಮನೆಗೆ ಅವಳಿಗೆ ಪ್ರವೇಶವೇ ಇರಲಿಲ್ಲ. ಹಳೆಯದನ್ನು ಹೊಗಳುವಾಗ ಇದನ್ನು ಮರೆಯುವುದು ಅನ್ಯಾಯ.

ಅವಳಿಗೆ ಬರುತ್ತಿದ್ದ ದೊಡ್ಡ ವಿದ್ಯೆ ಕಾಯುವುದು. ನೋವು ತಿನ್ನುವ ಹೆಂಗಸನ್ನು ಅವಳು ಮಲಗಿಸಿಬಿಡುತ್ತಿರಲಿಲ್ಲ. ನಡೆಸುತ್ತಿದ್ದಳು, ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದಳು, ಸೊಂಟಕ್ಕೆ ಎಣ್ಣೆ ಹಚ್ಚಿ ನೀವುತ್ತಿದ್ದಳು, ಬಿಸಿಯಾದ್ದೇನಾದರೂ ಕುಡಿಸುತ್ತಿದ್ದಳು. ಹೆರುವವಳು ತನಗೆ ಹಿತವೆನಿಸಿದ ಭಂಗಿಯಲ್ಲಿರಲಿ, ನೀರು, ಆಹಾರ ತೆಗೆದುಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೂ ಹೇಳುತ್ತದೆ. ಆದರೆ ಅವಳ ಕೈ ಮೀರಿದ್ದೂ ಬಹಳ ಇತ್ತು. ಮಗು ಅಡ್ಡ ತಿರುಗಿದರೆ, ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದರೆ, ಮಾಸು ಬೀಳದೆ ರಕ್ತ ಧಾರೆ ಕಟ್ಟಿದರೆ ದೇವರಿಗೆ ಹರಕೆ ಹೊರುವುದೊಂದೇ ಉಳಿಯುತ್ತಿತ್ತು. ಹೊಟ್ಟೆಯನ್ನು ಮೇಲಿನಿಂದ ಅದುಮುವ ಅಪಾಯದ ರೂಢಿಯೂ ಕೆಲವೆಡೆ ಇತ್ತು. ಕುಡುಗೋಲು ಅಥವಾ ಹಳೆಯ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿ, ಸಗಣಿ ಮೆತ್ತಿದ ಕಡೆ ಕೂಸುಗಳು ಧನುರ್ವಾಯುವಿಗೆ ಬಲಿಯಾದವು. ಬಸುರಿಯರಿಗೆ ಟಿಟಿ ಚುಚ್ಚುಮದ್ದು, ಶುಚಿಯಾದ ಹೆರಿಗೆ ಎರಡೂ ಸೇರಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಿಂದ ನಿರ್ಮೂಲವಾಯಿತೆಂದು ಘೋಷಿಸಲು 2015 ಬರಬೇಕಾಯಿತು.

ವಿಯೆನ್ನಾದ ಎರಡು ವಾರ್ಡುಗಳು

ಆಸ್ಪತ್ರೆಯೂ ಹುಟ್ಟುತ್ತಲೇ ಸುರಕ್ಷಿತವಾಗಿರಲಿಲ್ಲ. 1840ರ ದಶಕದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು: ಮೊದಲನೆಯದು ವೈದ್ಯ ವಿದ್ಯಾರ್ಥಿಗಳದು, ಎರಡನೆಯದು ಕಲಿಯುವ ಸೂಲಗಿತ್ತಿಯರದು. ಬಾಣಂತಿ ಜ್ವರದಿಂದ 1846ರಲ್ಲಿ ಮೊದಲ ವಾರ್ಡಿನಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರೆ, ಎರಡನೆಯದರಲ್ಲಿ ಸತ್ತವರು ನೂರಕ್ಕೆ 3ಕ್ಕಿಂತ ಕಡಿಮೆ. ಮೊದಲ ವಾರ್ಡಿಗೆ ಹಾಕಬೇಡಿ ಎಂದು ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ, ಸೂಲಗಿತ್ತಿಯರು ಹೆಣ ಮುಟ್ಟುವುದಿಲ್ಲ ಎಂಬುದನ್ನು ಕಂಡುಕೊಂಡವರು ಅಲ್ಲೇ ಡಾಕ್ಟರಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸ್. 1847ರ ಮೇ ತಿಂಗಳಲ್ಲಿ ಅವರು ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಮೊದಲ ವಾರ್ಡಿನ ಸಾವು ಎರಡನೆಯದರ ಮಟ್ಟಕ್ಕೆ ಇಳಿಯಿತು. ಆ ಹೆಂಗಸರ ಭಯದಲ್ಲಿ ನಿಜವಿತ್ತು, ಅದನ್ನು ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಆಸ್ಪತ್ರೆ ನಿಜವಾಗಿ ಪ್ರಾಣ ಉಳಿಸುವ ಜಾಗವಾದದ್ದು ಕೈ ತೊಳೆದ ಮೇಲೆ, ಮತ್ತು ಇಪ್ಪತ್ತನೆಯ ಶತಮಾನದಲ್ಲಿ ರಕ್ತ ಕೊಡುವುದು, ಸಲ್ಫಾ ಹಾಗೂ ಪೆನಿಸಿಲಿನ್, ಅಪಾಯ ತಗ್ಗಿದ ಸಿಸೇರಿಯನ್ ಬಂದ ಮೇಲೆ.

ಭಾರತದಲ್ಲಿ 1885ರ ಡಫರಿನ್ ನಿಧಿ ಹೆಂಗಸರಿಗೆ ಲೇಡಿ ಡಾಕ್ಟರುಗಳನ್ನು ಒದಗಿಸಲು ಹೊರಟಿತು. 1903ರಲ್ಲಿ ಲೇಡಿ ಕರ್ಜನ್ ಸ್ಥಾಪಿಸಿದ ನಿಧಿ ದಾಯಿಗಳಿಗೆ, ಅಂದರೆ ಊರ ಸೂಲಗಿತ್ತಿಯರಿಗೆ, ತರಬೇತಿ ಕೊಡಲು ಮುಂದಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. ಸ್ವಾತಂತ್ರ್ಯದ ನಂತರವೂ ಹಲವು ದಶಕ ಸೂಲಗಿತ್ತಿಗೆ ಕಿಟ್ಟು ಕೊಟ್ಟು ಕಲಿಸುವ ದಾರಿ ಮುಂದುವರಿಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗ ಸರ್ಕಾರ ಆ ದಾರಿ ಬಿಟ್ಟು, ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗಲಿ ಎಂದು ತೀರ್ಮಾನಿಸಿತು. ಹಳ್ಳಿಗೆ ಆಶಾ ಕಾರ್ಯಕರ್ತೆ ಬಂದಳು, 2008ರಿಂದ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಿತು, ತಾಯಿ ಭಾಗ್ಯ, ಮಡಿಲು ಕಿಟ್, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನಗಳು ಸೇರಿಕೊಂಡವು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾದವು 65ರ ಆಸುಪಾಸು, 2019–21ರಲ್ಲಿ 97. ಪ್ರತಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಇಳಿಕೆಯೆಲ್ಲ ಆಸ್ಪತ್ರೆಯೊಂದರದೇ ಅಲ್ಲ. ಮದುವೆಯ ವಯಸ್ಸು, ಮಕ್ಕಳ ಸಂಖ್ಯೆ, ಶಾಲೆ, ರಸ್ತೆ ಎಲ್ಲದರ ಪಾಲೂ ಇದೆ. ಆದರೂ ಆಸ್ಪತ್ರೆಯ ದಾರಿ ಹಿಡಿದದ್ದು ತಪ್ಪೆಂದು ಹೇಳುವವರು ಮೊದಲು ಈ ಎರಡು ಸಂಖ್ಯೆಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಕತ್ತರಿಯ ಲೆಕ್ಕ

ಮಗು ಹುಟ್ಟಿದ ಸುದ್ದಿ ಬಂದರೆ ಗಂಡೋ ಹೆಣ್ಣೋ ಎಂದು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ ‘ನಾರ್ಮಲ್ಲಾ, ಸಿಸೇರಿಯನ್ನಾ?’ ಕರ್ನಾಟಕದಲ್ಲಿ 2019–21ರ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್. ತೆಲಂಗಾಣದಲ್ಲಿ ಇದು 60.7. ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3, ಖಾಸಗಿಯಲ್ಲಿ 47.4. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣ ನೂರಕ್ಕೆ 10 ದಾಟಿದ ಮೇಲೆ ಅದರಿಂದ ತಾಯಿ, ಮಕ್ಕಳ ಸಾವು ಮತ್ತಷ್ಟು ತಗ್ಗುವುದು ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೇಕಾದವಳಿಗೆ ಸಿಗುವ ಸಿಸೇರಿಯನ್ ಪ್ರಾಣದಾನ. ಬೇಡದವಳಿಗೆ ಮಾಡಿದರೆ ಅದು ಆ ಹೆರಿಗೆಗೇ ಮುಗಿಯುವುದಿಲ್ಲ: ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿ ಬೆಳೆಯಬಹುದು, ಗರ್ಭಕೋಶದ ಹೊಲಿಗೆ ಬಿಡಬಹುದು. ಡಾಕ್ಟರಿಗೆ ಬಿಡುವಿಲ್ಲ, ಮನೆಯವರಿಗೆ ಭಯ, ಹೆಣ್ಣಿಗೆ ನೋವು ತಾಳುವ ಧೈರ್ಯ ಹೇಳುವವರಿಲ್ಲ, ಮೇಲೆ ಜೋಯಿಸರು ಬರೆದುಕೊಟ್ಟ ಮುಹೂರ್ತ. ಕಾರಣ ಯಾರೊಬ್ಬರದೂ ಅಲ್ಲ. ಹಾಗೆಂದೇ ಬಗೆಹರಿಸುವುದು ಕಷ್ಟ.

ಹೆರಿಗೆಗೆ ಗಡಿಯಾರ ಕಟ್ಟಿದ್ದೂ ಒಂದು ಕಾರಣ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಬೇಕು, ಇಲ್ಲವಾದರೆ ಡ್ರಿಪ್ ಹಾಕಿ ನೋವು ಬರಿಸಬೇಕು ಎಂಬ ಪಾಠ ದಶಕಗಳ ಕಾಲ ನಡೆಯಿತು. ಎಲ್ಲರಿಗೂ ಆ ಅಳತೆ ಹೊಂದುವುದಿಲ್ಲ, ಐದು ಸೆಂಟಿಮೀಟರ್ ತೆರೆಯುವವರೆಗೆ ಹೆರಿಗೆ ನಿಧಾನವಾಗಿಯೇ ಸಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ತಿದ್ದಿತು. ಕಾಯಬಲ್ಲ ಕೈಯೊಂದು ಲೇಬರ್ ವಾರ್ಡಿನಲ್ಲಿ ಇರಬೇಕೆನ್ನುವುದು ಇದಕ್ಕೇ.

ಪರದೇಶದ ಅನುಭವ ಹೇಳುವುದೇನು

ಇಂಗ್ಲೆಂಡಿನಲ್ಲಿ 1902ರ ಕಾಯಿದೆ ಮಿಡ್‌ವೈಫ್‌ಗಳಿಗೆ ತರಬೇತಿ, ನೋಂದಣಿ ತಂದಿತು. 1970ರ ಪೀಲ್ ವರದಿ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗಲಿ ಎಂದಿತು. 1993ರ ಹೊತ್ತಿಗೆ ಸರ್ಕಾರವೇ ಆಯ್ಕೆ ಹೆಣ್ಣಿನದಾಗಲಿ ಎಂದಿತು. 2011ರಲ್ಲಿ ಪ್ರಕಟವಾದ ‘ಬರ್ತ್‌ಪ್ಲೇಸ್’ ಅಧ್ಯಯನ ಅಪಾಯ ಕಡಿಮೆಯಿದ್ದ 64,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ಲೆಕ್ಕ ಹಾಕಿತು. ಈಗಾಗಲೇ ಒಂದು ಹೆತ್ತವರಿಗೆ ಮನೆ, ಮಿಡ್‌ವೈಫ್ ಘಟಕ, ಡಾಕ್ಟರುಗಳ ವಾರ್ಡು ಇವುಗಳ ನಡುವೆ ಮಗುವಿನ ಸುರಕ್ಷತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಗೆ ಮಿಡ್‌ವೈಫ್ ಘಟಕವೂ ವಾರ್ಡಿನಷ್ಟೇ ಸುರಕ್ಷಿತವಾಗಿತ್ತು. ಆದರೆ ಚೊಚ್ಚಲನ್ನು ಮನೆಯಲ್ಲಿ ಹೆರಲು ನಿರ್ಧರಿಸಿದವರಲ್ಲಿ ಸಾವಿರಕ್ಕೆ 9.3 ಕೂಸುಗಳಿಗೆ ಗಂಭೀರ ತೊಂದರೆ. ವಾರ್ಡಿನಲ್ಲಿ ಅದು 5.3. ಇದಕ್ಕಿಂತ ಹೆಚ್ಚು ಕಲಿಸುವ ಸಂಖ್ಯೆ ಇನ್ನೊಂದಿದೆ: ಮನೆಯಲ್ಲೇ ಹೆರುತ್ತೇನೆಂದ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಕಡೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆ ಹೆರಿಗೆ ಸುರಕ್ಷಿತವಾಗಿ ನಡೆಯುವುದರ ಹಿಂದೆ ಆಂಬುಲೆನ್ಸ್ ಇದೆ, ತರಬೇತಾದ ಮಿಡ್‌ವೈಫ್ ಇದ್ದಾಳೆ, ಅವಳ ಮಾತನ್ನು ನಂಬಿ ಬಾಗಿಲು ತೆರೆಯುವ ಆಸ್ಪತ್ರೆ ಇದೆ.

2016ರ ಕಾಕ್ರೇನ್ ಪರಿಶೀಲನೆ 15 ಪ್ರಯೋಗಗಳ 17,674 ಹೆಂಗಸರ ಅನುಭವವನ್ನು ಒಟ್ಟುಗೂಡಿಸಿತು. ಬಸುರಿನಿಂದ ಬಾಣಂತನದವರೆಗೆ ಅದೇ ಮಿಡ್‌ವೈಫ್‌ಗಳು ನೋಡಿಕೊಂಡರೆ ದಿನ ತುಂಬದ ಹೆರಿಗೆ, ಇಕ್ಕಳ ಹಾಕಿ ಎಳೆಯುವುದು, ಹೆರಿಗೆಯ ದಾರಿ ಕೊಯ್ಯುವುದು ಕಡಿಮೆಯಾದವು. ಸಿಸೇರಿಯನ್‌ನಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮಿಡ್‌ವೈಫ್ ಬಂದರೆ ಸಿಸೇರಿಯನ್ ತನ್ನಷ್ಟಕ್ಕೆ ಇಳಿಯುತ್ತದೆಂದು ಭಾಷಣ ಮಾಡುವವರು ಇದನ್ನು ನೆನಪಿಡಬೇಕು.

ಇಂಗ್ಲೆಂಡಿನಿಂದಲೇ ಬಂದ ಕಹಿ ಪಾಠವೂ ಇದೆ. ಫರ್ನೆಸ್ ಜನರಲ್ ಆಸ್ಪತ್ರೆ ಕುರಿತ 2015ರ ಕಿರ್ಕಪ್ ವರದಿ, ಹೇಗಾದರೂ ಸಹಜ ಹೆರಿಗೆಯೇ ಆಗಬೇಕೆಂಬ ಕೆಲವು ಮಿಡ್‌ವೈಫ್‌ಗಳ ಹಟವೂ ತಪ್ಪಿಸಬಹುದಾಗಿದ್ದ ಸಾವುಗಳಿಗೆ ಕಾರಣವಾಯಿತೆಂದು ಬರೆಯಿತು. ಶ್ರೂಸ್‌ಬರಿ ಮತ್ತು ಟೆಲ್ಫರ್ಡ್ ಕುರಿತ 2022ರ ಓಕೆಂಡನ್ ವರದಿ, ಒಳ್ಳೆಯ ಆರೈಕೆ ಸಿಕ್ಕಿದ್ದರೆ 201 ಕೂಸುಗಳು ಬದುಕಿರಬಹುದಿತ್ತು ಎಂದಿತು; ತಾಯಂದಿರ ಮಾತನ್ನು ಕೇಳದೇ ಇದ್ದದ್ದು, ಸಿಸೇರಿಯನ್ ತಡ ಮಾಡಿದ್ದು ಅದರ ಆರೋಪಗಳಲ್ಲಿ ಸೇರಿದ್ದವು. ಕತ್ತರಿ ಹಿಡಿದವರ ಆತುರದಂತೆ ಕಾಯುವವರ ಹಟವೂ ಕೊಲ್ಲಬಲ್ಲದು.

ಬೆಳಗಾವಿಯ ಪ್ಲಾಸ್ಟಿಕ್ ಹಾಳೆ

ಹೆರಿಗೆಯಾದ ಮೇಲಿನ ರಕ್ತಸ್ರಾವ ಲೋಕದಲ್ಲಿ ತಾಯಂದಿರನ್ನು ಅತಿ ಹೆಚ್ಚು ಕೊಲ್ಲುವ ಕಾರಣಗಳಲ್ಲೊಂದು. ತಡೆಯದಿದ್ದರೆ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. 2002–05ರಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ 1,620 ಹೆಂಗಸರನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಹೆರಿಗೆ ಮಾಡಿಸಿದವರು ಎಎನ್‌ಎಂಗಳು. ಫ್ರಿಜ್ಜು, ಸಿರಿಂಜು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಮಗು ಹುಟ್ಟಿದ ಕೂಡಲೇ ನುಂಗಿಸಿದಾಗ, ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು.

ಆ ಅಧ್ಯಯನಕ್ಕೆ ರಕ್ತ ಅಳೆಯುವುದು ಹೇಗೆಂಬ ಪ್ರಶ್ನೆ ಬಂದಾಗ ಹುಟ್ಟಿಕೊಂಡದ್ದು ಒಂದು ಪ್ಲಾಸ್ಟಿಕ್ ಹಾಳೆ. ಕೂಸು ಹೊರಬಂದ ಕೂಡಲೇ ಅದನ್ನು ತಾಯಿಯ ಕೆಳಗೆ ಹಾಸುತ್ತಾರೆ. ಅಂಚಿನ ಪಟ್ಟಿಗಳನ್ನು ಸೊಂಟಕ್ಕೆ ಕಟ್ಟುತ್ತಾರೆ. ಹಾಳೆಯ ಕೆಳತುದಿ ಆಲಿಕೆಯಂತೆ ಕಿರಿದಾಗಿ ಮಂಚದಾಚೆ ಜೋತುಬಿದ್ದು ಚೀಲವಾಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಕಣ್ಣಳತೆಯಲ್ಲಿ ಹೇಳಿದ ರಕ್ತ, ಈ ಚೀಲ ತೋರಿಸಿದ್ದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಎಂದು ಅಲ್ಲಿ ಗೊತ್ತಾಯಿತು. ಬಟ್ಟೆ ಹೀರಿದ, ಬಕೆಟ್ಟಿನ ನೀರಿಗೆ ಬೆರೆತ ರಕ್ತ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಬಗೆಯ ಅಳತೆ ಚೀಲವನ್ನೂ ಕೂಡಲೇ ಕೊಡುವ ಚಿಕಿತ್ಸೆಗಳ ಒಂದು ಕಂತೆಯನ್ನೂ ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ, ಗಂಭೀರ ರಕ್ತಸ್ರಾವದ ಅನಾಹುತ ನೂರಕ್ಕೆ 60ರಷ್ಟು ತಗ್ಗಿತೆಂದು 2023ರಲ್ಲಿ ವರದಿಯಾಯಿತು. ಡಾಕ್ಟರೋ ಸೂಲಗಿತ್ತಿಯೋ, ರಕ್ತ ಹೋಗುತ್ತಿರುವುದನ್ನು ಹೊತ್ತಿಗೆ ಸರಿಯಾಗಿ ಕಂಡವರೇ ತಾಯಿಯನ್ನು ಉಳಿಸಿದವರು.

ಇಂಗ್ಲೆಂಡಿನ ಲೆಕ್ಕವನ್ನು ಕರ್ನಾಟಕಕ್ಕೆ ಹಾಗೇ ತರಲಾಗದೆ ಇರುವುದಕ್ಕೆ ದೊಡ್ಡ ಕಾರಣವೂ ರಕ್ತವೇ. ಇಲ್ಲಿನ ಬಸುರಿಯರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಮಂದಿಗೆ ರಕ್ತಹೀನತೆ ಇದೆ. ಗಟ್ಟಿಮುಟ್ಟಾದವಳು ತಾಳಿಕೊಳ್ಳುವ ಅರ್ಧ ಲೀಟರ್ ರಕ್ತನಷ್ಟ, ಹಿಮೋಗ್ಲೋಬಿನ್ ಏಳೋ ಎಂಟೋ ಇರುವವಳಿಗೆ ಜೀವದ ಮೇಲಿನ ಆಟ. ಜೊತೆಗೆ ರಸ್ತೆ, ಮಳೆ, ರಾತ್ರಿ. ತಾಲ್ಲೂಕು ಆಸ್ಪತ್ರೆಯವರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಾಗ ಆಗುವ ತಡ ಬೇರೆ. ಹೀಗಿರುವಾಗ ಮನೆ ಹೆರಿಗೆಯನ್ನು ಆಯ್ಕೆ ಎಂದು ಕರೆಯಲು ಈ ಲೇಖಕರಿಗೆ ಮನಸ್ಸಾಗುವುದಿಲ್ಲ. ಯಾರೂ ಕಲಿತವರಿಲ್ಲದೆ ಮನೆಯಲ್ಲಿ ಹೆರುವುದಂತೂ ಸೂಲಗಿತ್ತಿ ಹೆರಿಗೆಯೇ ಅಲ್ಲ. 2018ರಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ವಿಡಿಯೊ ನೋಡಿ ಮಾಡಿದ ಹೆರಿಗೆಯಲ್ಲಿ ಒಬ್ಬ ತಾಯಿ ತೀರಿಕೊಂಡಳು. ಹಾಗೆಂದು ಆಸ್ಪತ್ರೆಯ ಬಾಗಿಲು ದಾಟಿದರೆ ಗೆದ್ದಂತೆಯೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಹಲವು ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ, ಡ್ರಿಪ್ಪಿನ ದ್ರಾವಣದ ಗುಣಮಟ್ಟವೇ ಸಂಶಯಕ್ಕೆ ಒಳಗಾಗಿ ರಾಜ್ಯ ತಲ್ಲಣಿಸಿತು.

ಒಂದೇ ಸೂರಿನಡಿ

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫ್ ಸೇವೆಯ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿ ಅನುಭವ ಪಡೆದವರಿಗೆ ಮತ್ತೆ 18 ತಿಂಗಳ ತರಬೇತಿ, ದೊಡ್ಡ ಹೆರಿಗೆ ಆಸ್ಪತ್ರೆಗಳ ಆವರಣದಲ್ಲೇ ಮಿಡ್‌ವೈಫ್‌ಗಳು ನಡೆಸುವ ಘಟಕಗಳು ಅದರ ತಿರುಳು. ಇದಕ್ಕೆ ಮೊದಲೇ, 2011ರಿಂದ, ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಡಾ. ಎವಿಟಾ ಫರ್ನಾಂಡಿಸ್ ಅವರ ಮುಂದಾಳತ್ವದಲ್ಲಿ ಮಿಡ್‌ವೈಫ್‌ಗಳನ್ನು ತಯಾರು ಮಾಡುತ್ತಿತ್ತು. 2017ರಲ್ಲಿ ತೆಲಂಗಾಣ ಸರ್ಕಾರ ಅವರ ಜೊತೆ ಸೇರಿ ಕರೀಂನಗರದಲ್ಲಿ ಸರ್ಕಾರಿ ನರ್ಸುಗಳ ತರಬೇತಿ ಶುರುಮಾಡಿತು. ಸಿಸೇರಿಯನ್ ಅತಿ ಹೆಚ್ಚಿರುವ ರಾಜ್ಯವೇ ಹೀಗೆ ಮಿಡ್‌ವೈಫ್ ಕಡೆ ತಿರುಗಿದೆ. ಸರ್ಕಾರಿ ಲೇಬರ್ ವಾರ್ಡುಗಳ ಗುಣಮಟ್ಟಕ್ಕಾಗಿ 2017ರಲ್ಲಿ ಬಂದ ‘ಲಕ್ಷ್ಯ’ ಯೋಜನೆ, ಹೆರುವವಳ ಜೊತೆಗೆ ಅವಳು ಬಯಸಿದ ಒಬ್ಬರು ಇರಲು ಅವಕಾಶ ಕೊಡುತ್ತದೆ. ಅಮ್ಮನೋ ಅಕ್ಕನೋ ಕೈ ಹಿಡಿದು ಕೂತರೆ ಹೆರಿಗೆಯ ಹೊತ್ತು ಕಡಿಮೆಯಾಗುತ್ತದೆ, ಸಹಜ ಹೆರಿಗೆ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯಗಳಿವೆ. ನೋವಿನಲ್ಲಿ ಕೂಗಿದವಳಿಗೆ ಬೈಗುಳವೇ ಉತ್ತರವಾಗುವ ವಾರ್ಡುಗಳಲ್ಲಿ ಈ ಒಂದು ಜೊತೆ ದೊಡ್ಡ ಆಸರೆ.

ಮಿಡ್‌ವೈಫ್ ಘಟಕ ಯಾರಿಗೆ ಹೊಂದುತ್ತದೆ? ಹೊಟ್ಟೆಯಲ್ಲಿ ಒಂದೇ ಮಗು, ತಲೆ ಕೆಳಗೆ, 37 ವಾರ ತುಂಬಿದೆ, ಬಿಪಿ, ಸಕ್ಕರೆ ಸರಿಯಾಗಿವೆ, ರಕ್ತ ಚೆನ್ನಾಗಿದೆ, ಹಿಂದೆ ಸಿಸೇರಿಯನ್ ಆಗಿಲ್ಲ ಎಂದರೆ ಹೊಂದುತ್ತದೆ. ಅವಳಿ, ಕುಂಡೆ ಮುಂದಾದ ಮಗು, ಮಾಸು ದಾರಿಗೆ ಅಡ್ಡ ಕೂತಿರುವುದು, ಫಿಟ್ಸ್, ಹಿಂದಿನ ಹೆರಿಗೆಯಲ್ಲಿ ಭಾರೀ ರಕ್ತಸ್ರಾವ ಇವಿದ್ದರೆ ಡಾಕ್ಟರ ಕೈಯೇ ಬೇಕು. ಒಮ್ಮೆ ಸಿಸೇರಿಯನ್ ಆದವಳು ಮುಂದೆ ಸಹಜವಾಗಿ ಹೆರಲು ಸಾಧ್ಯವಿದೆ. ಆದರೆ ಸುಮಾರು ಇನ್ನೂರರಲ್ಲಿ ಒಬ್ಬಳಿಗೆ ಹಳೆಯ ಹೊಲಿಗೆ ಬಿಡುವುದರಿಂದ ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರಬೇಕು. ಖಾಸಗಿ ಹೆರಿಗೆ ಕೇಂದ್ರ ಹುಡುಕುವವರು ಗೋಡೆಯ ಬಣ್ಣ, ನೀರಿನ ತೊಟ್ಟಿ ನೋಡುವುದಕ್ಕಿಂತ ನಾಲ್ಕು ಮಾತು ಕೇಳಬೇಕು: ಹೆರಿಗೆ ಮಾಡಿಸುವವರ ನೋಂದಣಿ ಏನು, ಆಕ್ಸಿಟೋಸಿನ್ ಫ್ರಿಜ್ಜಿನಲ್ಲಿದೆಯೇ, ಉಸಿರಾಡದ ಕೂಸಿಗೆ ಉಸಿರು ಕೊಡುವ ಬ್ಯಾಗು ಮತ್ತು ಅದನ್ನು ಬಳಸಬಲ್ಲ ಕೈ ಇದೆಯೇ, ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ ಎಷ್ಟು ನಿಮಿಷ.

ಕೊನೆಗೆ, ನಮ್ಮ ಕಡೆ ಯಾವ ಮಾರ್ಗಸೂಚಿಯೂ ಹೆಚ್ಚು ಯೋಚಿಸದ ತೊಡಕೊಂದಿದೆ. ಮಿಡ್‌ವೈಫ್ ಆರೈಕೆಯ ಜೀವಾಳ ಬಸುರಿನಿಂದ ಬಾಣಂತನದವರೆಗೂ ಅದೇ ಪರಿಚಿತ ಕೈ. ಚೊಚ್ಚಲ ಬಸುರಿ ಸೀಮಂತ ಮುಗಿಸಿ ಏಳನೆಯ ತಿಂಗಳಿಗೋ ಒಂಬತ್ತಕ್ಕೋ ತವರಿಗೆ ಹೊರಡುತ್ತಾಳೆ. ಹಿಂದೆ ತವರಿನಲ್ಲಿ ಕಾಯುತ್ತಿದ್ದ ಸೂಲಗಿತ್ತಿ ಎಷ್ಟೋ ಸಲ ಅವಳನ್ನೇ ಹುಟ್ಟಿಸಿದ ಕೈಯಾಗಿರುತ್ತಿದ್ದಳು. ಅವಳ ಅಮ್ಮನ ಹೆರಿಗೆ ಎಷ್ಟು ಹೊತ್ತು ಹಿಡಿದಿತ್ತು ಎಂಬುದೂ ಆ ಸೂಲಗಿತ್ತಿಗೆ ನೆನಪಿರುತ್ತಿತ್ತು. ಈಗ ಗಂಡನ ಊರಲ್ಲಿ ಆರು ತಿಂಗಳು ಬಿಪಿ ನೋಡಿದ ನರ್ಸಮ್ಮ ಅಲ್ಲೇ ಉಳಿಯುತ್ತಾಳೆ, ತವರೂರಿನ ಆಸ್ಪತ್ರೆಯವರಿಗೆ ಈ ಬಸುರಿ ಹೊಸಬಳು. ನಡುವೆ ಸೇತುವೆಯಾಗಿ ಉಳಿದಿರುವುದು ತಾಯಿ ಕಾರ್ಡ್ ಒಂದೇ. ಬ್ಯಾಗಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡ ಆ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟು, ಬಿಪಿ ಯಾವ ತಿಂಗಳಲ್ಲಿ ಏರಿತು, ರಕ್ತದ ಗುಂಪು ಯಾವುದು ಎಂದು ಓದಲು ಬರುವ ಅಕ್ಷರದಲ್ಲಿ ಬರೆದಿದ್ದರೆ, ಅಪರಿಚಿತ ಲೇಬರ್ ವಾರ್ಡಿನಲ್ಲಿ ಮಧ್ಯರಾತ್ರಿ ಅದನ್ನು ಬಿಡಿಸಿ ನೋಡುವ ಸಿಸ್ಟರ್‌ಗೆ ಆರು ತಿಂಗಳ ಕಥೆ ಅರ್ಧ ನಿಮಿಷದಲ್ಲಿ ಸಿಗುತ್ತದೆ.